ಅತ್ತಿಗೆಗಾಗಿ ಕಾರಿಗೆ ಏಸಿ ಕೂರಿಸಿದ್ದು

ಉದಕಮಂಡಲದ ಚಳಿಯಲ್ಲಿ ಹಲ್ಲು ಕಟಕಟಿಸುತ್ತ ನಮ್ಮಣ್ಣ ಕಾರಿಗೆ ಏಸಿ ಕೂರಿಸುತ್ತಿದ್ದಾನೆಂದು ಕೇಳಿ ನಗದವರೇ ಇರಲಿಲ್ಲ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ನಾನೇ ಅವನ ಮುಖಕ್ಕೆ ಹೇಳಿದ್ದೆ. ನಗುವವರಿಗೆ ಕಾರಣ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ರೇಗುತ್ತಿದ್ದೆ; ಹೆದರಿಕೆಯಾದರೆ ನನಗೆ ಬರುವುದು ಸಿಟ್ಟೇ.

ಎಪ್ಪತ್ತರ ದಶಕದ ಆರಂಭ ಅದು. ಮದುವೆಯಾಗದ ತಂಗಿ ನಾನು, ಅಣ್ಣ ಅತ್ತಿಗೆಯ ಜೊತೆಗೇ ಇದ್ದೆ. ಅತ್ತಿಗೆಗೆ ಹೃದಯದ ಕಾಯಿಲೆ. ಈ ಎತ್ತರದ ಗಾಳಿ ಆಕೆಗೆ ಸಾಲದು, ಮೈಸೂರಿನಲ್ಲಿ ಮನೆ ಮಾಡಿ ಅಲ್ಲಿನ ದೊಡ್ಡ ಡಾಕ್ಟರ ಬಳಿ ತೋರಿಸಿಕೊಂಡು ಅಲ್ಲೇ ಇರಲಿ, ಇಲ್ಲದಿದ್ದರೆ ಉಳಿಯುವುದಿಲ್ಲ ಎಂದು ಇಲ್ಲಿನ ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು. ಅತ್ತಿಗೆ ಇಲ್ಲೇ ಬೆಟ್ಟದ ಮೇಲಿನ ನಡುವಟ್ಟಂನ ಮಂಜಿನಲ್ಲಿ ಹುಟ್ಟಿ ಬೆಳೆದವರು. "ನಂಗೆ ಕೆಳಗಿನ ಸೆಕೆ ಆಗಲ್ಲ ರೀ, ದಾರೀಲೇ ಪ್ರಾಣ ಹೋಗುತ್ತೆ" ಎಂದು ಒಂದೇ ಹಟ. ಹಿಂದೆ ನಂಜನಗೂಡಿನ ಮದುವೆಯೊಂದರಲ್ಲಿ ಸೆಕೆಗೆ ತಲೆಸುತ್ತಿ ಬಿದ್ದಿದ್ದರು. ಹಾಗಾಗಿ ಎಲ್ಲರೂ ನಂಬಿದೆವು.

ಅಣ್ಣನದು ಕಾರು ರಿಪೇರಿ ಶೆಡ್ಡು. ಇಂಗ್ಲೆಂಡಿಗೆ ವಾಪಸು ಹೋದ ಟೀ ತೋಟದ ದೊರೆಯೊಬ್ಬನಿಂದ ಕೊಂಡ ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು ಅವನ ಬಳಿ ಇತ್ತು. ಬೇಕಾದಾಗ ಮಡಿಸಿಡುವ ಕ್ಯಾನ್ವಾಸ್ ಮುಚ್ಚಿಗೆ ಅದರದು. "ಸೆಕೆ ತಾನೆ? ಊಟಿ ಚಳೀನ ಕಾರಲ್ಲೇ ತುಂಬ್ಕೊಂಡು ಹೋಗೋಣ ಬಿಡು" ಎಂದ. ಕೊಯಮತ್ತೂರಿನಲ್ಲಿ ಬಿಚ್ಚಿ ಮಾರುತ್ತಿದ್ದ ದೊಡ್ಡ ಅಮೆರಿಕನ್ ಕಾರೊಂದರ ಏಸಿಯನ್ನು ಹೊತ್ತು ತಂದ. ಅದರ ಕಂಪ್ರೆಸರ್ ಈ ಪುಟ್ಟ ಎಂಜಿನ್ನಿನ ಪಕ್ಕ ಕೂರಲೇ ಒಲ್ಲದು. ಕಬ್ಬಿಣದ ಪಟ್ಟಿ ಕತ್ತರಿಸಿ ವೆಲ್ಡ್ ಮಾಡಿ ಕೂರಿಸಿದ, ಬೆಲ್ಟು ಹೊಂದಿಸಿದ. ಶಾಖ ಹೊರಬಿಡುವ ಜಾಲರಿಯನ್ನು ರೇಡಿಯೇಟರಿನ ಮುಂದೆಯೇ ನಿಲ್ಲಿಸಿದ. ಫ್ರಿಜ್ ರಿಪೇರಿಯವನನ್ನು ಕಾಡಿ ಬೇಡಿ ಗ್ಯಾಸ್ ತುಂಬಿಸಿದ. ತಂಪು ಸೋರಬಾರದೆಂದು ಮುಚ್ಚಿಗೆಯ ಒಳಮೈಗೆ ಮನೆಯ ಕಂಬಳಿಗಳನ್ನೇ ಹೊಲಿದ. ಹೊದೆಯಲು ನನಗೊಂದು ಕಂಬಳಿ ಉಳಿಯಲಿಲ್ಲ, ಪುಣ್ಯಾತ್ಮ! ಊಟಕ್ಕೆ ಕೂತರೂ ಪೈಪು, ಬೆಲ್ಟಿನದೇ ಮಾತು. ಅತ್ತಿಗೆ ಅನ್ನ ಬಡಿಸುತ್ತಿದ್ದರು.

ಪರೀಕ್ಷೆ ಮಾಡಿದ್ದು ಶೆಡ್ಡಿನ ಮುಂದೆ, ಮೋಡ ಕವಿದ ಬೆಳಿಗ್ಗೆ. ಒಳಗೆ ಕೂತವರೆಲ್ಲ "ಅಯ್ಯಪ್ಪಾ, ಏನು ಚಳಿ!" ಎಂದು ಕೈ ಉಜ್ಜಿಕೊಂಡರು. ಹೊರಗೂ ಅಷ್ಟೇ ಚಳಿ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ. ಬೆಟ್ಟದವರಿಗೆ ಬಿಸಿಲಿನ ಅಂದಾಜು ಎಲ್ಲಿಂದ ಬರಬೇಕು? ಅತ್ತಿಗೆಗೆ ಇನ್ನು ನೆಪ ಉಳಿಯಲಿಲ್ಲ. ಹ್ಞೂಂ ಎಂದರು.

ಏಪ್ರಿಲ್‌ನಲ್ಲಿ ಹೊರಟೆವು. ಸೀಟಿನ ಹಿಂದಿನ ಸಂದಿಯಲ್ಲಿ ಹಾಸಿಗೆ ಸುರುಳಿಯ ಜೊತೆ ನಾನು. ಕಲ್ಲಟ್ಟಿ ಇಳಿಜಾರಿನ ಮೇಲ್ಭಾಗದಲ್ಲಿ ತಂಪಾಗಿಯೇ ಇತ್ತು. ಮಸಿನಗುಡಿ ದಾಟಿ ಬಿಸಿಲಿಗೆ ಬಿದ್ದೆವೋ ಇಲ್ಲವೋ, ಏಸಿಯಿಂದ ಬಿಸಿಗಾಳಿ, ಬಾನೆಟ್ಟಿನಿಂದ ಬುಸ್ಸೆಂದು ಹಬೆ. ಆ ಜಾಲರಿ ರೇಡಿಯೇಟರಿಗೆ ಗಾಳಿಯನ್ನೇ ಬಿಟ್ಟಿರಲಿಲ್ಲ. ಕಂಬಳಿ ಹೊಲಿದ ಮುಚ್ಚಿಗೆಯೊಳಗೆ ನಾವು ಇಡ್ಲಿಯಂತೆ ಬೇಯುತ್ತಿದ್ದೆವು. ಅಣ್ಣ ಕಾರು ನಿಲ್ಲಿಸಿ ಮುಚ್ಚಿಗೆಯನ್ನು ಹಿಂದಕ್ಕೆಳೆದ. ಅತ್ತಿಗೆಯ ಮುಖವೆಲ್ಲ ಬೆವರು. ಅದನ್ನು ನೋಡಿ ಅವನು ಅತ್ತೇಬಿಟ್ಟ.

"ನನ್ನ ಕೈಲಿ ಆಗ್ಲಿಲ್ಲ ಕಣೇ. ವಾಪಸ್ ಹೋಗೋಣ."

"ವಾಪಸ್ ಬೇಡ" ಎಂದರು ಅತ್ತಿಗೆ. ಸ್ವಲ್ಪ ಉಸಿರು ತಗೊಂಡು ಹೇಳಿದರು: "ನಾನು ಹೆದರಿದ್ದು ಸೆಕೆಗಲ್ಲ ರೀ. ನನ್ನ ಕೆಳಗೆ ಬಿಟ್ಟು ನೀವು ಶೆಡ್ಡಿಗೆ ವಾಪಸ್ ಹೋಗ್ತೀರಿ, ಅಲ್ಲಿ ಒಬ್ಳೇ ಸಾಯ್ಬೇಕಾಗುತ್ತೆ ಅಂತ."

"ಬಿಟ್ಟು ಹೋಗ್ತೀನಿ ಅಂತ ನಾನ್ಯಾವಾಗ ಅಂದೆ?"

"ಹೋಗಲ್ಲ ಅಂತ್ಲೂ ಅನ್ಲಿಲ್ವಲ್ಲ."

ತಿಂಗಳುಗಟ್ಟಲೆ ಅವನ ಬಾಯಲ್ಲಿ ಎಷ್ಟು ಮಾತು ಬಂದಿರಲಿಲ್ಲ! ಇದೊಂದು ಬಂದಿರಲಿಲ್ಲ. ಕೇಳಬೇಕೆಂದು ನನಗಾದರೂ ತೋಚಿತೇ? ಅಣ್ಣ ಆಕೆಯ ಕೈ ಹಿಡಿದುಕೊಂಡ. "ಬಿಟ್ಟು ಹೋಗಲ್ಲ. ನಿನ್ನಾಣೆಗೂ ಹೋಗಲ್ಲ" ಎಂದ.

ಎಂಜಿನ್ ತಣ್ಣಗಾದ ಮೇಲೆ ಏಸಿಯ ಬೆಲ್ಟು ಕಳಚಿ, ಜಾಲರಿ ಬಿಚ್ಚಿ ಹಾಕಿ, ರೇಡಿಯೇಟರಿಗೆ ನೀರು ತುಂಬಿ ಹೊರಟೆವು. ತೆರೆದ ಕಾರಿನಲ್ಲಿ ಅತ್ತಿಗೆ ಸೆರಗನ್ನು ತಲೆಗೆ ಹೊದ್ದು ಕೂತಿದ್ದರು. ಮೈಸೂರು ಮುಟ್ಟುವವರೆಗೂ ಸೆಕೆ ಎನ್ನಲಿಲ್ಲ.

ಅಣ್ಣ ಶೆಡ್ಡನ್ನು ಬೇರೆಯವರಿಗೆ ವಹಿಸಿ ಅಲ್ಲೇ ನಿಂತ. ಅತ್ತಿಗೆ ಇನ್ನೂ ಕೆಲವು ವರ್ಷ ಬದುಕಿದರು, ಅವನ ಕಣ್ಣೆದುರೇ ಹೋದರು. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಕಾರ್ಯವೆಲ್ಲ ಮುಗಿದ ಮೇಲೆ ಅವನ ಬಟ್ಟೆಗಳನ್ನು ಗಂಟು ಕಟ್ಟತೊಡಗಿದೆ. "ಇನ್ನಿಲ್ಲಿ ಏನಿದೆ, ಊಟಿ ಮನೆಗೆ ನಡಿಯಣ್ಣ" ಎಂದೆ.

ಅವನು ಗಂಟನ್ನು ನನ್ನ ಕೈಯಿಂದ ತೆಗೆದು ಪಕ್ಕಕ್ಕಿಟ್ಟ. "ಅವಳನ್ನ ಮಣ್ಣು ಮಾಡಿರೋದು ಇಲ್ಲೇ ಅಲ್ವೇನೇ? ಬಿಟ್ಟು ಹೋಗಲ್ಲ ಅಂದಿದ್ದೀನಿ" ಎಂದ.

ನಾನೊಬ್ಬಳೇ ಊಟಿ ಬಸ್ಸು ಹತ್ತಿದೆ.