ಬ್ರೇಕ್ ಪೈಪ್ ಕತ್ತರಿಸಿದರೂ ಓಡಿದ ರೈಲು

ಸ್ನೇಹಿತರೇ, ರೈಲ್ವೆಯಲ್ಲಿ ದುಡಿದವರ ಜೊತೆ ರೈಲಿನ ಸಿನಿಮಾಕ್ಕೆ ಮಾತ್ರ ಹೋಗಬೇಡಿ. ಇವತ್ತು ಹಿರಿಯೂರಿನ ಟಾಕೀಸಿಗೆ ನಮ್ಮ ಮಾವನವರನ್ನು ಮ್ಯಾಟಿನಿಗೆ ಕರೆದುಕೊಂಡು ಹೋಗಿದ್ದೆ. ನಮ್ಮೂರು ಹೊಳಲ್ಕೆರೆ ಕಡೆ ಹಳಿ ನೋಡಿಕೊಳ್ಳುತ್ತ ಮೂವತ್ತು ವರ್ಷ ನಡೆದು ನಿವೃತ್ತರಾದವರು ಅವರು.

ಸುರಂಗದೊಳಗೆ ಹೋದ ಡೀಸೆಲ್ ಎಂಜಿನ್ ಆಚೆ ಕಡೆಯಿಂದ ಕರೆಂಟಿನ ಎಂಜಿನ್ ಆಗಿ ಹೊರಬಂದಾಗ ಮಾವ ಬರೀ ಕೆಮ್ಮಿದರು. ಆಮೇಲೆ ವಿಲನ್ ಬ್ರೇಕ್ ಪೈಪ್ ಕತ್ತರಿಸಿ, "ಇನ್ನು ಈ ರೈಲು ನಿಲ್ಲೋದೇ ಇಲ್ಲ!" ಎಂದು ಗಹಗಹಿಸಿ ನಕ್ಕ. ಮಾವ ಎದ್ದು ನಿಂತೇಬಿಟ್ಟರು.

"ಪೈಪ್ ಕೊಯ್ದ್ರೆ ಗಾಳಿ ಹೋಗಿ ಬ್ರೇಕ್ ತಾನೇ ಹಿಡ್ಕಂತೈತೆ. ರೈಲು ಅಲ್ಲೇ ನಿಂತಂಗೆ. ಪಿಚ್ಚರ್ ಮುಗೀತು, ಬರ್ರಿ ಹೋಗಾಣ."

ಹಿಂದಿನ ಸೀಟಿನಲ್ಲಿದ್ದ ಹೀರೋ ಅಭಿಮಾನಿಯೊಬ್ಬ ರೇಗಿದ. "ಕುಂತ್ಕಳ್ರಿ ಯಜಮಾನ್ರೇ, ಏನೂ ಕಾಣಲ್ಲ. ಪಿಚ್ಚರ್‌ನ ಪಿಚ್ಚರ್ ತರ ನೋಡ್ರಿ."

ಮಾವ ಕುಳಿತರು. ಅವರ ಲೆಕ್ಕದಲ್ಲಿ ಆಗಲೇ ನಿಂತಿದ್ದ ರೈಲು ಇನ್ನೂ ಒಂದೂವರೆ ಗಂಟೆ ಓಡಿತು. ಕೊನೆಗೆ ಹೀರೋ ಅದಕ್ಕೆ ಎದೆಯೊಡ್ಡಿ ನಿಲ್ಲಿಸಿದ. ಪ್ಲಾಟ್‌ಫಾರ್ಮಿನ ಹಳದಿ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿತ್ತು: ಹಿರಿಯೂರು.

ಈಗ ಅಭಿಮಾನಿ ಎದ್ದು ನಿಂತ. "ಲೇ, ನಮ್ಮೂರಾಗೆ ಹಳಿನೇ ಇಲ್ಲ, ಸ್ಟೇಷನ್ ಎಲ್ಲಿಂದ ಬಂತು? ತಲೆ ನೆಟ್ಟಗೈತಾ ಇವ್ರಿಗೆ?"

ಮಾವ ನಿಧಾನವಾಗಿ ಹಿಂದಕ್ಕೆ ತಿರುಗಿದರು. "ಕುಂತ್ಕಳಪ್ಪ. ಪಿಚ್ಚರ್‌ನ ಪಿಚ್ಚರ್ ತರ ನೋಡು."

ಅಂತೂ ಹಿರಿಯೂರಿಗೆ ರೈಲು ಬಂತು. ನಾವು ಮಾತ್ರ ಹೊಳಲ್ಕೆರೆಯವರೆಗೂ ಬಸ್ಸಿನಲ್ಲಿ ನಿಂತುಕೊಂಡೇ ಬಂದೆವು.