ಬಶಿಯಲ್ಲಿದ್ದದ್ದನ್ನೇ ಕೊಡವ್ವ

ದೋರನಹಳ್ಳಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸುಂದ್ರಮ್ಮ ಮುಚ್ಚಳದ ಡಬ್ಬಿ ಹಿಡಿದು ಗುರುದೇವಿಯ ಅಡುಗೆಮನೆಯ ಹೊಸ್ತಿಲ ಬಳಿ ಕೂತಿದ್ದಾರೆ, ಜೊತೆಗೆ ನಾನೂ. ಹತ್ತಿ ಬಿಡಿಸಲು ಹೊರಟ ಅವಸರದಲ್ಲೂ ಗುರುದೇವಿ ಮೊಳಕೆ ಜೋಳದ ಹಿಟ್ಟಿನ ಡಬ್ಬ ಇಳಿಸುತ್ತಾಳೆ. ಸುಂದ್ರಮ್ಮ ಬೇಡವೆನ್ನುತ್ತಾರೆ. ವರ್ಷ ತುಂಬದ ಕೂಸಿನ ಮುಂದೆ ಚಹಾದ ಬಶಿ ಇದೆ, ಅದರಲ್ಲಿ ನೆನೆದ ರೊಟ್ಟಿಯ ಚೂರುಗಳು. ಗುರುದೇವಿ ಅದನ್ನು ಸೆರಗಿನಿಂದ ಮರೆಮಾಡಲು ನೋಡುತ್ತಾಳೆ.

"ನಾಚಬ್ಯಾಡವ್ವ. ನಮ್ಮ ಮನ್ಯಾಗೂ ಇದೇ ಇತ್ತು. ಬಶ್ಯಾಗಿದ್ದದ್ದನ್ನೇ ಕೊಡು."

ಸುಂದ್ರಮ್ಮ ಶಹಾಪುರದ ಸಣ್ಣದೊಂದು ಪ್ರಯೋಗಾಲಯದ ಸಹಾಯಕಿ. ಹಳ್ಳಿಯ ಕೂಸುಗಳ ಊಟ ತಂದು, ಒಣಗಿಸಿ, ಪುಡಿಮಾಡಿ, ಜರಡಿ ಹಿಡಿದು ಪರೀಕ್ಷೆಗೆ ಸಿದ್ಧಮಾಡುತ್ತಾರೆ. ಅಲ್ಲಿ ಹುಡುಕುವುದು ವಿಷವನ್ನಲ್ಲ. ಜೋಳ, ಸಜ್ಜೆಯಲ್ಲಿ ಫೈಟೇಟ್, ಚಹಾದಲ್ಲಿ ಟ್ಯಾನಿನ್ ಎಂಬ ಅಂಶಗಳಿವೆ. ಊಟದ ಕಬ್ಬಿಣಾಂಶ ಕೂಸಿನ ಮೈಗೆ ಹತ್ತದಂತೆ ಇವು ತಡೆಯುತ್ತವೆ. ಕಾಳು ನೆನೆಸಿ ಮೊಳಕೆ ಬರಿಸಿದರೆ ಫೈಟೇಟ್ ತಗ್ಗುತ್ತದೆ. ಚಹಾವನ್ನಂತೂ ಕೂಸಿಗೆ ಕೊಡದಿರುವುದೊಂದೇ ದಾರಿ.

ಎಡವಟ್ಟಾಗಿದ್ದು ಒಂದು ಮಾತಿನಿಂದ. ಕಳೆದ ವರ್ಷ ಅವರು ಮನೆಮನೆಯಲ್ಲಿ "ಸ್ಯಾಂಪಲ್" ಕೇಳಿದರು. ಬೆಳೆ ಮಾರಲು ದಲಾಲರ ಅಡತಿ ಅಂಗಡಿಗೆ ತೊಗರಿಯ ಸ್ಯಾಂಪಲ್ ಒಯ್ಯುವಾಗ ನಮ್ಮ ಕಡೆ ಯಾರಾದರೂ ಹುಳುಕು ಕಾಳು ಒಯ್ಯುತ್ತಾರೆಯೇ? ತಾಯಂದಿರು ದಿನವೂ ಬೇಯಿಸಲು ಹೊತ್ತಿಲ್ಲದೆ ಎತ್ತಿಟ್ಟಿದ್ದ ಮೊಳಕೆ ಹಿಟ್ಟನ್ನೇ ಕೊಟ್ಟರು. ತಮ್ಮ ಮನೆಯಿಂದ ಸುಂದ್ರಮ್ಮ ಕೊಟ್ಟದ್ದೂ ಅದೇ.

ಪರೀಕ್ಷೆಯಲ್ಲಿ ಊಟ ಚೊಕ್ಕ ಎಂದು ಬಂತು. ಅಂಗನವಾಡಿಯಲ್ಲಿ ಮಕ್ಕಳು ಬಿಳಿಚಿಕೊಂಡೇ ಇದ್ದರು. ಊಟದಲ್ಲಿ ದೋಷವಿಲ್ಲ, ತಾಯಂದಿರಿಗೆ ತಿಳಿಹೇಳುವ ಕಾರ್ಯಕ್ರಮದಿಂದ ಈ ಊರನ್ನು ಕೈಬಿಡೋಣ ಎಂದರು ಪ್ರಯೋಗಾಲಯದ ಮುಖ್ಯಸ್ಥ ವಿಶ್ವರಾಧ್ಯ.

"ಮೊಮ್ಮಗಳು ಕಣ್ಮುಂದ ಬಾಡಾಕತ್ತಿದ್ಲರಿ. ಸೊಸಿ ಹೊಲಕ್ಕ, ನಾ ಲ್ಯಾಬಿಗಿ. ಕೂಸಿನ ಮುಂದ ಚಾ-ರೊಟ್ಟಿ ಇಟ್ಟು ಬಂದು, ಹಗಲೆಲ್ಲಾ ಮಂದಿ ಕೂಸುಗಳ ಊಟ ಜರಡಿ ಹಿಡೀತಿದ್ದೆ. ಅವತ್ತು ಭೂಮಿ ಬಾಯಿ ತೆರದಿದ್ರ ಒಳಗ ಹೋಗ್ತಿದ್ದೆ."

ಮರುದಿನ ಅವರು ಮೊಮ್ಮಗಳ ಬಶಿಯಲ್ಲಿ ಉಳಿದದ್ದನ್ನು ಬಳಿದು ತಂದು ಸಾಹೇಬರ ಮುಂದಿಟ್ಟು ಎಲ್ಲವನ್ನೂ ಹೇಳಿದರು. ಟ್ಯಾನಿನ್ ಹೆಚ್ಚಿದ್ದಷ್ಟೂ ಈ ಪರೀಕ್ಷೆಯಲ್ಲಿ ನೀಲಿ ಗಾಢವಾಗುತ್ತದೆ. ಗಾಜಿನ ಕೊಳವೆಯಲ್ಲಿದ್ದದ್ದು ಶಾಯಿಯಂತಾಯಿತು. ವಿಶ್ವರಾಧ್ಯ ಬೈಯಲಿಲ್ಲ, ಎಲ್ಲ ಮನೆಗೂ ಮತ್ತೆ ಹೋಗಿ ಬನ್ನಿ ಎಂದರಷ್ಟೆ. ಬೈದಿದ್ದರೆ ಹಗುರಾಗುತ್ತಿತ್ತು ಎನ್ನುತ್ತಾರೆ ಸುಂದ್ರಮ್ಮ.

ಈಗ ಅವರ ಬಾಯಲ್ಲಿ ಸ್ಯಾಂಪಲ್ ಎಂಬ ಮಾತಿಲ್ಲ. ಪ್ರತಿ ಹೊಸ್ತಿಲಲ್ಲೂ ಮೊದಲು ತಮ್ಮ ಮನೆಯ ಸಂಗತಿ ಹೇಳಿ ತಲೆತಗ್ಗಿಸುತ್ತಾರೆ. ಆಮೇಲೆಯೇ ಆ ಮನೆಯ ಬಶಿ ಹೊರಗೆ ಬರುತ್ತದೆ. ಕೇಳುತ್ತ ಕೂತ ನನಗೂ ಕಸಿವಿಸಿ. ಗುರುದೇವಿ ಕೊಟ್ಟ ಚಹಾ ಕೈಯಲ್ಲೇ ಆರುತ್ತಿದೆ.

ಪತ್ರಿಕೆಯಲ್ಲಿ ಹೆಸರು ಬದಲಿಸಲೇ ಎಂದು ಕೇಳುತ್ತೇನೆ. ಅವರು ಡಬ್ಬಿಯ ಮುಚ್ಚಳ ಬಿಗಿ ಮಾಡುತ್ತಾರೆ.

"ನನ್ನ ಹೆಸರು ಹಾಕ್ರಿ, ತಪ್ಪು ನಂದದ. ಮೊಮ್ಮಗಳ ಹೆಸರು ಮಾತ್ರ ಬ್ಯಾಡ್ರಿ. ನಾಳಿ ಆಕಿ ಓದಾಕ ಕಲೀತಾಳ."