ದೊಡ್ಡ ಗಾಲಿ, ಸಣ್ಣ ಗಾಳಿ

"ಇನ್ ಬ್ಯಾಡ ಕಣ್ಣು. ಆಸ್ಪತ್ರಿ ಸಾಕು."

ದೊಡ್ಡವ್ವ ಫೋನಿನಲ್ಲಿ ಹೇಳಿದ್ದು ಇಷ್ಟೇ. ಕಣ್ಣು ಅಂದರೆ ನಾನು, ಅವಳು ಮುದ್ದಿಗೆ ಕರೆಯುವುದೇ ಹಾಗೆ. ಯಾಕೆ ಎಂದು ನಾನು ಕೇಳುವಷ್ಟರಲ್ಲಿ ಫೋನು ಅವಳ ಮಗನ ಕೈಗೆ ಹೋಗಿತ್ತು. ರಾಮರಾಜಣ್ಣ ಅಂಗಳಕ್ಕೆ ಎದ್ದುಹೋಗಿ, ದನಿ ತಗ್ಗಿಸಿ, "ಅವ್ವಂಗೆ ಬದುಕೋ ಆಸೆ ಓಯ್ತು ಪಾಪಾ. ನೀನಾದ್ರೂ ಬಂದ್ ಯೋಳು" ಎಂದ. (ಪಾಪಾ ಅಂದರೆ ಇಲ್ಲಿ ಕನಿಕರವಲ್ಲ, ತಂಗಿ. ತಲೆ ನರೆತರೂ ನಾನು ಅವನಿಗೆ ಪಾಪಾನೇ.) ಆಮೇಲೆ ಅವನು ಅಳತೊಡಗಿದ. ಮೊಮ್ಮಕ್ಕಳನ್ನು ಕಂಡ ಗಂಡಸು ಫೋನಿನಲ್ಲಿ ಅತ್ತರೆ ಏನು ಹೇಳಬೇಕು?

ಈ ಅಂಕಣ ಓದುತ್ತ ಬಂದವರಿಗೆ ಕೊಂಬೈ ದೊಡ್ಡವ್ವ ಹೊಸಬಳಲ್ಲ. ಹೊಸ ಓದುಗರಿಗಾಗಿ ಹೇಳುತ್ತೇನೆ: ನನ್ನ ಅಮ್ಮನ ಅಕ್ಕ. ತಮಿಳುನಾಡಿನ ಕಂಬಂ ಕಣಿವೆಯಲ್ಲಿ ತಲೆತಲಾಂತರದಿಂದ ಬೇಸಾಯ ಮಾಡಿಕೊಂಡು, ಹೊರಗೆ ತಮಿಳು, ಒಳಗೆ ಕನ್ನಡ ಆಡಿಕೊಂಡು ಇರುವ ನಮ್ಮ ಜನರಲ್ಲಿ ಒಬ್ಬಳು. ಪನ್ನೀರ್ ದ್ರಾಕ್ಷಿಯ ತೋಟದ ಯಜಮಾನಿ. ಈಚೆಗೆ ಚಪ್ಪರದ ಕೆಳಗೆ ಕಾಲು ಜಾರಿ ಕೂತ ಹಾಗೇ ಬಿದ್ದಳು. ಬೆನ್ನುಮೂಳೆಯ ಒಂದು ತುಂಡು ಕುಸಿಯಿತು. ವಯಸ್ಸಾದ ಮೂಳೆ, ಅಷ್ಟು ಸಾಕಾಯಿತು.

ದಿಂಡುಗಲ್ಲಿನ ಡಾಕ್ಟರು ಬೆಲ್ಟ್ ಕಟ್ಟಿದರು, ಇಂಜೆಕ್ಷನ್ ಬರೆದರು. "ನೋವಿದ್ದರೂ ಎಬ್ಬಿಸಿ ನಡೆಸಬೇಕು. ಹಾಸಿಗೆಯಲ್ಲೇ ಬಿಟ್ಟರೆ ಮೊದಲು ಪುಪ್ಪುಸ ಹೋಗುತ್ತದೆ, ಆಮೇಲೆ ಮನುಷ್ಯರೇ ಹೋಗುತ್ತಾರೆ. ಕರೆತರುವುದನ್ನು ಮಾತ್ರ ತಪ್ಪಿಸಬೇಡಿ" ಎಂದರು. ಕರೆತರುವವಳು ನಾನು. ದಿಂಡುಗಲ್ಲಿನಲ್ಲಿ ಮನೆ, ವೇದಸಂದೂರಿನ ನೂಲಿನ ಮಿಲ್ಲಿನಲ್ಲಿ ಕೆಲಸ, ಕೈಯಲ್ಲಿ ಕಾರು. ರಾಮರಾಜಣ್ಣನ ಹತ್ತಿರ ಇರುವುದು ಬೈಕು. ಬೆನ್ನು ಮುರಿದವಳನ್ನು ಅದರ ಮೇಲೆ ಕೂರಿಸಲಾದೀತೇ?

ಕಾರಿನ ವಿಷಯ ಸ್ವಲ್ಪ ಹೇಳಲೇಬೇಕು. ಕೆಂಪು ಬಣ್ಣದ ಪುಟ್ಟ ಹ್ಯಾಚ್‌ಬ್ಯಾಕ್. ಕಂಪನಿಯವರು ಅದಕ್ಕೆ ಸ್ಪೋರ್ಟಿ ಅನ್ನುತ್ತಾರೆ, ನಮ್ಮ ಮನೆಯವರು ನನಗೆ ಹುಚ್ಚು ಅನ್ನುತ್ತಾರೆ. ಇಬ್ಬರ ಮಾತೂ ನಿಜ. ಗೇರ್ ಬದಲಿಸುವಾಗ ಅದು ಹೊರಡಿಸುವ ಸದ್ದಿಗಾಗಿಯೇ ನಾನು ಬೆಳಿಗ್ಗೆ ಬೇಗ ಏಳುತ್ತೇನೆ. ಅದಕ್ಕೆ ಬಂದಿದ್ದು ಹದಿನೈದು ಇಂಚಿನ ಗಾಲಿ. ನೋಡಲು ಸಪ್ಪೆ. ದೊಡ್ಡವ್ವ ಬೀಳುವುದಕ್ಕೆ ಸ್ವಲ್ಪ ಮುಂಚೆ ಅವನ್ನು ಬಿಚ್ಚಿಸಿ ಹದಿನೇಳು ಇಂಚಿನ ಅಲಾಯ್ ಹಾಕಿಸಿದೆ. ಅಬ್ಬಾ, ಏನು ಗತ್ತು! ಮಿಲ್ಲಿನ ಪಾರ್ಕಿಂಗಿನಲ್ಲಿ ಜನ ನಿಂತು ನೋಡಿದರು. ನಾನು ಫೋಟೋ ತೆಗೆದು ಬಂಧುಬಳಗಕ್ಕೆಲ್ಲ ಕಳಿಸಿದೆ. ಕೊಂಬೈಗೆ ಹೋದಾಗ ದೊಡ್ಡವ್ವನ ಕೈಗೂ ಮೊಬೈಲು ಕೊಟ್ಟು ತೋರಿಸಿದೆ. "ಚೆಂದಾಗದೆ ಕಣ್ಣು, ಮದುವಣಗಿತ್ತಿ ತರ" ಎಂದಿದ್ದಳು.

ಒಳಗಿನ ಗಾಲಿ ದೊಡ್ಡದಾದರೂ ಹೊರಗಿನ ಸುತ್ತಳತೆ ಹೆಚ್ಚಬಾರದು, ಹೆಚ್ಚಿದರೆ ಕಾರಿನ ಮೈಗೆ ಉಜ್ಜುತ್ತದೆ. ಹಾಗಾಗಿ ಗಾಲಿ ಬೆಳೆದಷ್ಟೂ ಟೈರಿನ ಪಕ್ಕೆ ತೆಳ್ಳಗಾಗಬೇಕು. ಪಕ್ಕೆಯೊಳಗೆ ಇರುವುದೇನು? ಗಾಳಿ. ರಸ್ತೆಯ ಏಟನ್ನು ಮೊದಲು ನುಂಗುವುದು ಅದೇ. ಗಾಲಿ ದೊಡ್ಡದಾಯಿತು, ಗಾಳಿ ಸಣ್ಣದಾಯಿತು. (ನಮ್ಮ ಕಡೆಯ ಮಕ್ಕಳಿಗೆ ಲ, ಳ ಎರಡೂ ಒಂದೇ. ಅವರ ಬಾಯಲ್ಲಿ ಇದು ಜೋಕೂ ಆಗುವುದಿಲ್ಲ.) ಇದೆಲ್ಲ ನನಗೆ ಗೊತ್ತಿತ್ತು. ತಿರುವಿನಲ್ಲಿ ಕಾರು ನೆಲಕ್ಕೆ ಅಂಟಿಕೊಳ್ಳುತ್ತದೆ ಎಂದು ಖುಷಿಯನ್ನೂ ಪಟ್ಟಿದ್ದೆ. ಸೀಟು ಸ್ವಲ್ಪ ಕುಟ್ಟುತ್ತದೆ, ಸರಿ, ನನ್ನ ಬೆನ್ನು ಗಟ್ಟಿ.

ಮೊದಲ ಸಲ ದೊಡ್ಡವ್ವನನ್ನು ಹತ್ತಿಸಿಕೊಂಡಾಗ ಅವಳು ಹೇಳಿದ್ದು ಒಂದೇ ಮಾತು. "ಮೆತ್ತಗೆ ಓಗು ಕಣ್ಣು."

ಹೋದೆ. ನನ್ನ ಕಾರು ಅಷ್ಟು ನಿಧಾನವಾಗಿ ಎಂದೂ ಹೋಗಿರಲಿಲ್ಲ. ಚಿನ್ನಮನೂರು ದಾಟುವಷ್ಟರಲ್ಲಿ ಟೌನ್ ಬಸ್ಸು, ಬಾಳೆಗೊನೆಯ ಲಾರಿ, ಮೊಪೆಡ್ಡಿನ ಮುದುಕ ಎಲ್ಲರೂ ನನ್ನನ್ನು ಹಿಂದೆ ಹಾಕಿ ಹೋದರು. ಒಂದು ಸೇತುವೆಯ ಮೇಲೆ ಕಾಂಕ್ರೀಟಿನ ಜಾಯಿಂಟುಗಳು. ದಡ್, ದಡ್, ದಡ್. "ಮೆತ್ತಗೆ ಕಣ್ಣು" ಎಂದಳು. ಇನ್ನೂ ನಿಧಾನ ಮಾಡಿದೆ. ದಡ್. ದಡ್. ಈಗ ಒಂದೊಂದೂ ಬಿಡಿಬಿಡಿಯಾಗಿ ಬಂತು. ಮತ್ತೆ "ಮೆತ್ತಗೆ" ಎಂದಳು. ಇನ್ನು ನಿಧಾನ ಮಾಡಿದರೆ ಕಾರು ನಿಂತೇಹೋಗುತ್ತಿತ್ತು.

"ನೋವಾ ದೊಡ್ಡವ್ವ?"

"ಪರವಾಯಿಲ್ಲೆ."

ಆಮೇಲೆ ಕಣ್ಣು ಮುಚ್ಚಿ, ಮೇಲಿನ ಹಿಡಿ ಹಿಡಿದುಕೊಂಡು ಕೂತಿದ್ದಳು. ನಿದ್ದೆ ಬಂತು ಎಂದುಕೊಂಡೆ. ಹಿಡಿ ಹಿಡಿದುಕೊಂಡು ಯಾರಾದರೂ ನಿದ್ದೆ ಮಾಡುತ್ತಾರಾ? ಆಗ ಹೊಳೆಯಲಿಲ್ಲ. ಮುಂದಿನ ಸಲವೂ ಹೀಗೇ ಆಯಿತು. ಮನೆಗೆ ಬಿಟ್ಟಾಗ ಅವಳ ಕೆನ್ನೆ ಒದ್ದೆಯಾಗಿತ್ತು. ಬೆವರು ಎಂದಳು. ಏಸಿ ಹಾಕಿದ ಕಾರಿನಲ್ಲಿ ಬೆವರು! ಅದನ್ನೂ ನಂಬಿದೆ.

ಮೂರನೇ ಸಲಕ್ಕೆ ಆ ಫೋನು. ಇನ್ ಬ್ಯಾಡ ಕಣ್ಣು.

ಡಾಕ್ಟರಿಗೆ ಹೇಳಿದೆ. ಅವರು "ಬಲವಂತ ಮಾಡಲಾಗದು. ಆದರೆ ಮಲಗಿದವರು ಹಾಗೇ ಕರಗಿಹೋಗುತ್ತಾರಮ್ಮ" ಎಂದರು. ಅವತ್ತು ಮಿಲ್ಲಿನಲ್ಲಿ ನನಗೆ ಕೆಲಸ ಓಡಲಿಲ್ಲ. ನಾನು ಮಾಡುವುದು ನೂಲಿನ ಪರೀಕ್ಷೆ. ಎಳೆಯಲ್ಲಿ ಎಲ್ಲಿ ಗಂಟಿದೆ, ಎಲ್ಲಿ ತೆಳುವಿದೆ ಎಂದು ಹುಡುಕುವ ಕೆಲಸ. ಅವತ್ತು ಒಂದು ಎಳೆಯೂ ಕಣ್ಣಿಗೆ ಹತ್ತಲಿಲ್ಲ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಕಣ್ಣು ಎಂದು ಕರೆಯಲು ಉಳಿದವಳು ಅವಳೊಬ್ಬಳೇ. ಆ ಕರೆಯೂ ನಿಂತುಹೋದರೆ?

ಭಾನುವಾರ ಕೊಂಬೈಗೆ ಹೋದೆ. ಕಾಲು ಹಿಡಿದಾದರೂ ಒಪ್ಪಿಸಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

ಅವತ್ತು ದ್ರಾಕ್ಷಿ ಕೊಯ್ಲು. ಮನೆಯ ಮುಂದೆಯೇ ಲೋಡ್ ವಂಡಿ, ಸರಕಿನ ಸಣ್ಣ ಲಾರಿ, ನಿಂತಿತ್ತು. ಹುಲ್ಲು ಹಾಸಿ, ಅದರ ಮೇಲೆ ಹಣ್ಣಿನ ಕ್ರೇಟು ಏರಿಸಿದ್ದರು. ದೊಡ್ಡವ್ವ ಜಗುಲಿಯಲ್ಲಿ ಮಲಗಿದ್ದಳು. ಬೆನ್ನು ಎತ್ತಲಾಗದು, ದನಿಗೆ ಮಾತ್ರ ಏನೂ ಆಗಿರಲಿಲ್ಲ. ಡ್ರೈವರು ಇನ್ನೇನು ಹೊರಡಬೇಕು, ಮಲಗಿದಲ್ಲಿಂದಲೇ ತಮಿಳಿನಲ್ಲಿ ಕೂಗಿದಳು:

"ತಂಬಿ, ಮೆಲ್ಲ ಪೋನಾ ಪೋದಾದು! ಮೆತ್ತಗೆ ಪೋಗಣುಂ!"

ಮೆಲ್ಲಗೆ ಹೋದರೆ ಸಾಲದು, ಮೆತ್ತಗೆ ಹೋಗಬೇಕು. ಇಡೀ ವಾಕ್ಯ ತಮಿಳು, ಆ ಒಂದು ಪದ ಮಾತ್ರ ನಮ್ಮ ಮನೆಯದು. ಡ್ರೈವರಿಗೆ ಕನ್ನಡದ ಗಂಧವಿಲ್ಲ. ಆದರೂ ಆ ಪದ ಅವನಿಗೆ ಅರ್ಥವಾಯಿತು. "ಕಾತ್ತು ಕೊರಚ್ಚಾಚ್ಚು ಆತ್ತಾ" ಎಂದ. ಗಾಳಿ ಕಮ್ಮಿ ಮಾಡಿಸಿದ್ದಾಯಿತು, ತಾಯಿ.

ನಾನು ಅಂಗಳದಲ್ಲಿ ಹಾಗೇ ನಿಂತೆ.

ನಿಮ್ಮ ಕಡೆ ಮೆಲ್ಲಗೆ, ಮೆತ್ತಗೆ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುವುದುಂಟು. ದ್ರಾಕ್ಷಿ ಬೆಳೆಯುವ ನಮ್ಮ ಮನೆಗಳಲ್ಲಿ ಹಾಗಲ್ಲ. ಮೆಲ್ಲಗೆ ಎನ್ನುವುದು ವೇಗಕ್ಕೆ. ಮೆತ್ತಗೆ ಎನ್ನುವುದು ಏಟಿಗೆ. ಟೈರಿಗೆ ಕಲ್ಲಿನ ಹಾಗೆ ಗಾಳಿ ತುಂಬಿಸಿಕೊಂಡು ಬಂದ ವಂಡಿಗೆ ದೊಡ್ಡವ್ವ ಹಣ್ಣು ಏರಿಸಲು ಬಿಡುತ್ತಿರಲಿಲ್ಲ. ಎಷ್ಟೇ ನಿಧಾನವಾಗಿ ಹೋದರೂ ಅದರಲ್ಲಿ ಕೆಳಗಿನ ಗೊಂಚಲು ಒಡೆದು ರಸವಾಗುತ್ತದೆ. ಚಿಕ್ಕವಳಿದ್ದಾಗ ನಾನು ಅದೇ ಕ್ರೇಟುಗಳ ಮಧ್ಯೆ ಆಡಿಕೊಂಡು ಬೆಳೆದವಳು. ಆಮೇಲೆ ಶಾಲೆ ತಮಿಳಿನಲ್ಲಿ, ಕಾಲೇಜು ಇಂಗ್ಲಿಷಿನಲ್ಲಿ ಆಯಿತು. ತಮಿಳಿನ 'ಮೆಲ್ಲ' ಒಂದೇ ಎರಡು ಕೆಲಸವನ್ನೂ ಮಾಡಿಬಿಡುತ್ತದೆ. ಮೆತ್ತಗೆ ಎಂದು ದೊಡ್ಡವ್ವ ಕೇಳಿದಾಗೆಲ್ಲ ನನ್ನ ಕಿವಿ ಅದನ್ನು ಮೆಲ್ಲಗೆ ಮಾಡಿಕೊಂಡು, ಕಾಲು ಬ್ರೇಕಿನ ಮೇಲೆ ಹೋಗುತ್ತಿತ್ತು.

ಪಕ್ಕದಲ್ಲಿ ಕೂತು ಕೇಳಿದೆ. "ದೊಡ್ಡವ್ವ, ನಿಜ ಹೇಳು. ಬೇಡವಾಗಿದ್ದು ಆಸ್ಪತ್ರೆಯೋ, ನನ್ನ ಕಾರೋ?"

ಅವಳು ಮುಖ ಆ ಕಡೆ ತಿರುಗಿಸಿದಳು. ಹಾಗೇ ಹೇಳಿದಳು: "ಮುಂಚೆ ನಿನ್ ಇದೇ ಕಾರಲ್ಲಿ ಮದುವೆಗ್ ಓದ್ವಲ್ಲ, ಆಗ ಸೊಗವಾಗಿತ್ತು. ಈಗ ನೀ ಆಸೆ ಪಟ್ಟು ಆಕ್ಸಿದ್ ಗಾಲಿ. ಪೋಟೋ ಎಲ್ಲಾ ತೋರ್ಸಿದೆ. ಅದು ಕುಟ್ಟುತ್ತೆ ಅಂತ ಎಂಗ್ ಯೋಳ್ಲಿ?"

"ಅದಕ್ಕೆ ಸಾಯೋದಾ?"

"ಸಾಯಾಕ್ ಭಯ ಇಲ್ಲ ಕಣ್ಣು. ಆ ಸೇತುವೆ ದಾಟಾಕ್ ಭಯ."

ನನಗೆ ಅವಳ ಮೇಲೆ ಸಿಟ್ಟು ಬಂತು. ಜೋರಾಗಿಯೇ ಬಂತು. ಮಗಳಂಥವಳ ಮನಸ್ಸಿಗೆ ನೋವಾದೀತು ಎಂದು ತನ್ನ ಬೆನ್ನು ಮುರಿಸಿಕೊಳ್ಳುವುದು ಎಂಥ ಮರ್ಯಾದೆ? ಬೈದೆ. ಬೈಯುತ್ತ ಬೈಯುತ್ತ ನಾನೇ ಅತ್ತುಬಿಟ್ಟೆ. ಬದುಕುವ ಆಸೆ ಹೋಗಿದೆ ಎಂದು ಇಡೀ ಮನೆ ತೀರ್ಮಾನಿಸಿತ್ತು. ಹೋಗಿದ್ದು ಎರಡು ಇಂಚು ಗಾಳಿಯೂ ಅಲ್ಲ, ಅದಕ್ಕಿಂತ ಕಮ್ಮಿ.

ಹಳೆಯ ಗಾಲಿಗಳು ನಮ್ಮ ಮನೆಯ ಮೆಟ್ಟಿಲ ಕೆಳಗೇ ಇದ್ದವು. ಮಾರನೆಯ ದಿನವೇ ಹಾಕಿಸಿದೆ. ಕಾರು ಮತ್ತೆ ಸಪ್ಪೆಯಾಯಿತು. ಮಿಲ್ಲಿನಲ್ಲಿ ಒಬ್ಬರು ಅನುಕಂಪದಿಂದ ಕೇಳಿದರು, "ಏನು ಮೇಡಂ, ಅಲಾಯ್ ಕಳವಾಯ್ತಾ?"

ಯೋಚಿಸಿ ನೋಡಿದರೆ ನಾವೆಲ್ಲ ಮೆಲ್ಲಗೆಯಲ್ಲಿ ನಿಪುಣರು. ವಯಸ್ಸಾದವರ ಜೊತೆ ನಿಧಾನವಾಗಿ ನಡೆಯುತ್ತೇವೆ, ಒಂದೊಂದೇ ಪದ ಬಿಡಿಸಿ ಮಾತಾಡುತ್ತೇವೆ, ಕಾಯುತ್ತೇವೆ. ಕಾದೆವು ಎಂದು ನಮ್ಮ ಬೆನ್ನು ನಾವೇ ತಟ್ಟಿಕೊಳ್ಳುತ್ತೇವೆ. ಆ ಬಿಡಿಸಿ ಆಡಿದ ಮಾತು ಎಷ್ಟು ಗಟ್ಟಿಯಾಗಿ ತಾಕಿತು ಎನ್ನುವುದು ಕೇಳಿಸಿಕೊಂಡವರಿಗಷ್ಟೇ ಗೊತ್ತು. ಕೇಳಿದರೆ ಅವರು ಏನೆನ್ನುತ್ತಾರೆ? ಪರವಾಗಿಲ್ಲ ಅನ್ನುತ್ತಾರೆ. ನಮಗೆ ಅಷ್ಟೇ ಬೇಕಿತ್ತು.

ಕಳೆದ ವಾರ ಅವಳನ್ನು ಮತ್ತೆ ಕರೆದುಕೊಂಡು ಹೋದೆ. ಸೇತುವೆಯ ಮೇಲೆ ಉಸಿರು ಬಿಗಿಹಿಡಿದದ್ದು ನಾನು. ಜಾಯಿಂಟುಗಳು ಬಂದವು, ಹೋದವು. ಸದ್ದಿತ್ತು, ಏಟಿರಲಿಲ್ಲ. ತೇನಿ ದಾಟಿದ ಮೇಲೆ ಹಿಡಿಯ ಮೇಲಿದ್ದ ಕೈ ತಾನಾಗಿ ಇಳಿದು ಮಡಿಲಿಗೆ ಬಂತು. ವತ್ತಲಗುಂಡು ಬರುವಷ್ಟರಲ್ಲಿ ದೊಡ್ಡವ್ವ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ನನ್ನ ಸ್ಪೀಡು? ಬಸ್ಸುಗಳನ್ನು ಹಿಂದೆ ಹಾಕಿದ್ದೆ.

ಎಲ್ಲ ಸರಿಹೋಯಿತು ಎಂದು ಬರೆಯುವ ಆಸೆ. ಆದರೆ ಡಾಕ್ಟರು ಹೊಸ ಎಕ್ಸ್‌ರೇ ಬೆಳಕಿಗೆ ಹಿಡಿದು, ಮೂಳೆ ಇನ್ನೂ ಸ್ವಲ್ಪ ಕುಸಿದಿದೆ, ಬೆನ್ನು ಇನ್ನು ನೇರವಾಗುವುದಿಲ್ಲ ಎಂದರು. ಮಲಗಿ ಕಳೆದ ದಿನಗಳಿಂದಲೋ, ಮೊದಲೇ ಹಾಗಿತ್ತೋ, ಅವರಿಗೂ ಗೊತ್ತಿಲ್ಲ. ನಡೆಯುತ್ತಾಳೆ, ಬಾಗಿ ನಡೆಯುತ್ತಾಳೆ. ದ್ರಾಕ್ಷಿಯ ಚಪ್ಪರ ಇನ್ನು ಅವಳ ಕೈಗೆ ಎಟುಕುವುದಿಲ್ಲ.

ಮನೆಯ ಮುಂದೆ ಇಳಿದು, ಬಾಗಿದ ಬೆನ್ನಿಗೆ ಸರಿಯಾಗಿ ಕಣ್ಣೆದುರು ಸಿಕ್ಕ ಗಾಲಿಯನ್ನು ನೋಡಿದಳು. "ಆ ಚೆಲುವಿನ್ ಗಾಲಿ ಏನಾಯ್ತು ಕಣ್ಣು?"

"ಮಾರ್‌ಬಿಟ್ಟೆ."

ಅವಳು ಸಪ್ಪೆ ಟೈರಿನ ದಪ್ಪ ಪಕ್ಕೆಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿದಳು, ಹಣ್ಣು ಒತ್ತಿ ನೋಡುವ ಹಾಗೆ. ಬಾಗಿಲ ಹತ್ತಿರ ಹೋದವಳು ತಿರುಗಿ ನಿಂತು, ತಾನಾಗಿಯೇ ಕೇಳಿದಳು. "ಮುಂದಿನ್ ಸಲ ಆಸ್ಪತ್ರಿಗೆ ಯಾವತ್ತು ಓಗೋದು?"

ನಾವು ಎಷ್ಟು ಮೆಲ್ಲಗೆ ಹೋದೆವು ಎಂದು ಎಲ್ಲರ ಮುಂದೆ ಹೇಳಿಕೊಳ್ಳುತ್ತೇವಲ್ಲ, ಎಷ್ಟು ಮೆತ್ತಗೆ ಹೋದೆವು ಎಂದು ಪಕ್ಕದಲ್ಲಿ ಕೂತವರನ್ನು ಕೇಳಿದ್ದೇವಾ?